ಕೋಲು ಸೊಗಸಾಗಿ ಬೀಸುತ್ತದೆ, ಚೆಂಡು ಮಾತ್ರ ಪೊದೆಗೆ: ಗಾಲ್ಫ್ ಸ್ವಿಂಗ್ ಟ್ರೈನರ್‌ನ ದೋಷ ನಿವಾರಣೆ ಕೈಪಿಡಿ

ನಮ್ಮ ಭಾನುವಾರದ ಗುಂಪಿನಲ್ಲಿ ಐದು ಜನ ಇದ್ದೇವೆ. ಆಡುವುದು ಮಂಗಳೂರಿನ ಪಿಲಿಕುಳದಲ್ಲಿ. ಐದರಲ್ಲಿ ನಾಲ್ಕು ಜನ ಬಳುಕುವ ಸ್ವಿಂಗ್ ಟ್ರೈನರ್ ತರಿಸಿಕೊಂಡರು. ತಿಂಗಳು ಕಳೆಯುವುದರೊಳಗೆ ನಾಲ್ಕೂ ಮೂಲೆ ಸೇರಿದವು. ನನ್ನದು ಕೊಡೆಗಳ ಜೊತೆ ನಿಂತಿತ್ತು. "ದುಡ್ಡು ದಂಡ ಮಾರಾಯ್ರೆ" ಎಂದು ಒಬ್ಬರು ಹೇಳಿದಾಗ ಉಳಿದ ಮೂವರೂ ತಲೆ ಆಡಿಸಿದೆವು.

ನೋಡದವರಿಗೆ ಹೇಳಬೇಕೆಂದರೆ, ಇದು ಸುಮಾರು ನಾಲ್ಕು ಅಡಿಯ ಕೋಲು. ಒಂದು ತುದಿಗೆ ಭಾರದ ಚೆಂಡು. ನಡುವೆ ಗಾಳದ ಕೋಲಿನ ಹಾಗೆ ಬಳುಕುವ ಶಾಫ್ಟ್. ಗ್ರಿಪ್ ಇರುವ ತುದಿಯಲ್ಲಿ ಇನ್ನೊಂದಿಷ್ಟು ತೂಕ. ನನ್ನದನ್ನು ಮೀನು ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದೆ, 800 ಗ್ರಾಂ ಹತ್ತಿರ ಬಂತು. ಸಾಮಾನ್ಯ ಡ್ರೈವರ್, ಅಂದರೆ ದೂರ ಹೊಡೆಯುವ ಕ್ಲಬ್ (ಗಾಲ್ಫ್ ದಾಂಡು), 300 ಗ್ರಾಂ ಚಿಲ್ಲರೆ ಅಷ್ಟೇ ಇರುತ್ತದೆ.

ನಾವು ನಾಲ್ವರೂ ಮಾಡಿದ ತಪ್ಪು ಒಂದೇ. ಇದನ್ನು ಜಿಮ್ಮಿನ ಗದೆ ಅಂದುಕೊಂಡೆವು. ಜೋರಾಗಿ ಬೀಸಿದಷ್ಟೂ ಸ್ವಿಂಗ್ ಸುಧಾರಿಸುತ್ತದೆ ಅಂದುಕೊಂಡೆವು. ನಿಜವಾಗಿ ಇದು ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಇಳಿಸುವುದಿಲ್ಲ, ಎಷ್ಟಿದೆ ಎಂದು ತೋರಿಸುತ್ತದೆ. ಎಲ್ಲಿ ಅದುರಿತು, ಎಲ್ಲಿ ಸದ್ದು ಮಾಡಿತು, ಎಲ್ಲಿ ನೆಲ ತಾಗಿತು ಎಂದು ಗಮನಿಸಿದರೆ ದೋಷ ಎಲ್ಲಿದೆ ಎಂದು ಗೊತ್ತಾಗುತ್ತದೆ. ಅದು ತೋರಿಸದೇ ಇರುವ ಒಂದು ದೊಡ್ಡ ವಿಷಯವೂ ಇದೆ. ಅದಕ್ಕೆ ನಾಲ್ಕನೇ ಲಕ್ಷಣದಲ್ಲಿ ಬರುತ್ತೇನೆ.

ಇಲ್ಲಿ ಎಲ್ಲವನ್ನೂ ಬಲಗೈ ಆಟಗಾರರ ಲೆಕ್ಕದಲ್ಲಿ ಬರೆದಿದ್ದೇನೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ. ಎಲ್ಲಾದರೂ ನೋವಿದ್ದರೆ ಉಳಿದದ್ದು ಬಿಡಿ, ನೇರವಾಗಿ ಏಳನೇ ಲಕ್ಷಣಕ್ಕೆ ಹೋಗಿ.

ಬೀಸುವ ಮೊದಲು

ಮೊದಲ ದಿನವೇ ನಾನು ಚಾವಡಿಯ ಟ್ಯೂಬ್‌ಲೈಟ್ ಒಡೆದೆ. ಅಡುಗೆಮನೆಯಿಂದ ಅಮ್ಮ, "ಎಂತ ಮಾರಾಯ ಒಡೆದದ್ದು?"

"ಎಂತ ಇಲ್ಲ ಅಮ್ಮ, ಗಾಲ್ಫ್."

ಕೈ ತಲೆಯ ಎತ್ತರಕ್ಕೆ ಬಂದಾಗ ಕೋಲು ನೆಟ್ಟಗಿದ್ದರೆ ತುದಿ ಒಂಬತ್ತು-ಹತ್ತು ಅಡಿ ಮುಟ್ಟುತ್ತದೆ. ಫ್ಯಾನ್ ಇರುವುದೂ ಅಲ್ಲೇ. ಹಾಗಾಗಿ ಮನೆಯೊಳಗೆ ಬೇಡ. ಅಂಗಳದಲ್ಲಿ ನಿಂತು ಸುತ್ತ ಹತ್ತು ಅಡಿ ಖಾಲಿ ಇದೆಯೇ ನೋಡಿ. ಮುರಕಲ್ಲಿನ ಕಾಂಪೌಂಡ್, ಬಟ್ಟೆ ಒಣಹಾಕುವ ತಂತಿ, ಮಾಡಿನ ಹಂಚು, ಹಿಂದಿನಿಂದ ಓಡಿ ಬರುವ ಮಗು, ನಾಯಿ. ನಾಯಿಯ ವಿಷಯ ತಮಾಷೆಯಲ್ಲ. ಬಳುಕುವ ಕೋಲು ಕಂಡರೆ ಅದಕ್ಕೆ ಆಟ.

ಆಮೇಲೆ ಕೋಲನ್ನೇ ಪರೀಕ್ಷಿಸಿ. ಇದಕ್ಕೆ ಎರಡು ನಿಮಿಷವೂ ಬೇಡ, ಕಾಸೂ ಬೇಡ. ಚೆಂಡು ಶಾಫ್ಟ್‌ಗೆ ಸೇರುವ ಬುಡವನ್ನು ಹಿಡಿದು ತಿರುಚಿ. ಕಿಂಚಿತ್ತೂ ತಿರುಗಬಾರದು. ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಒಳಗೆ ಗಿಲಿಗಿಲಿ ಎಂದರೆ ಅಂಟು ಬಿಟ್ಟಿದೆ. ಹಳೆಯ ಬನಿಯನ್ ಬಟ್ಟೆಯ ಚೂರನ್ನು ಶಾಫ್ಟ್‌ಗೆ ಸುತ್ತಿ ಮೇಲಿನಿಂದ ಕೆಳಗೆ ಎಳೆಯಿರಿ. ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಕೂದಲೆಳೆಯ ಬಿರುಕಿದೆ ಎಂದೇ ತಿಳಿಯಿರಿ. ಕಣ್ಣಿಗೆ ಕಾಣದ ಬಿರುಕು ಬನಿಯನ್‌ಗೆ ಸಿಗುತ್ತದೆ. ಈ ಮೂರರಲ್ಲಿ ಒಂದಿದ್ದರೂ ಬೀಸಬೇಡಿ. ಆ ಚೆಂಡು ಕಳಚಿ ಹಾರಿದರೆ ಪಕ್ಕದ ಮನೆಯ ಕಾರಿನ ಗಾಜಿಗೆ ಹೋಗಿ ನಿಂತರೆ ಪುಣ್ಯ.

ಗುಡುಗು ಕೇಳಿಸಿದರೆ ಒಳಗೆ ಬನ್ನಿ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರ್‌ನಲ್ಲಿ, ಬಿಸಿಲಿರುವಾಗಲೇ ಸಿಡಿಲು ಶುರುವಾಗುತ್ತದೆ. ಬಯಲಲ್ಲಿ ಕೋಲು ಎತ್ತಿ ನಿಲ್ಲುವುದು, ಮರದಡಿ ಓಡುವುದು ಎರಡೂ ತಪ್ಪು. ಕೊನೆಯ ಗುಡುಗು ಕೇಳಿಸಿ 30 ನಿಮಿಷ ಕಳೆದ ಮೇಲೆ ಮತ್ತೆ ಹೊರಗೆ.

ಲಕ್ಷಣ 1: ಮೇಲೆ ಹೋದಾಗ ಕೋಲು ಎರಡೆರಡು ಸಲ ಕುಣಿಯುತ್ತದೆ

ಬ್ಯಾಕ್‌ಸ್ವಿಂಗ್ (ಕೋಲನ್ನು ಹಿಂದಕ್ಕೆ, ಮೇಲಕ್ಕೆ ಒಯ್ಯುವುದು) ಮುಗಿದು ತಿರುಗುವಾಗ ಶಾಫ್ಟ್ ಒಮ್ಮೆ ಬಾಗುವುದು ಸರಿ. ಕೋಲಿನ ಚೆಂಡು ಇನ್ನೂ ಹಿಂದಕ್ಕೆ ಹೋಗುತ್ತಿರುವಾಗ ಸೊಂಟ ಮುಂದಕ್ಕೆ ಹೊರಟಿತು ಎಂದು ಅದರ ಅರ್ಥ. ಎರಡು ಸಲ ಕುಣಿದರೆ, ಚೆಂಡು ಬೆನ್ನಿಗೋ ಕುತ್ತಿಗೆಗೋ ಬಂದು ತಟ್ಟಿದರೆ, ಮೇಲಕ್ಕೆ ಒಯ್ಯುವಾಗಲೇ ಅವಸರ ಮಾಡಿದ್ದೀರಿ.

ಮಗುವನ್ನು ಉಯ್ಯಾಲೆಯಲ್ಲಿ ತೂಗಿದ ನೆನಪಿದೆಯಲ್ವಾ? ಅದು ಹಿಂದೆ ಬಂದು ಒಂದು ಕ್ಷಣ ನಿಂತ ಹಾಗೆ ಆಗುತ್ತದೆ. ಆಗ ತಳ್ಳಿದರೆ ಸಲೀಸು. ಇನ್ನೂ ಬರುತ್ತಿರುವಾಗಲೇ ತಳ್ಳಿದರೆ ಸರಪಳಿ ಜಗ್ಗಿ ಮಗು ಬೆಚ್ಚುತ್ತದೆ. ಕೋಲಿನ ಕುಣಿತವೂ ಅದೇ ಜಗ್ಗು.

ಮೊದಲು ಕೈಯ ಹಿಡಿತ ನೋಡಿ. ಹತ್ತಕ್ಕೆ ಹತ್ತು ಎಂದರೆ ಬಾವಿಯ ಹಗ್ಗ ಹಿಡಿದಷ್ಟು ಬಿಗಿ. ಇಲ್ಲಿ ಮೂರು-ನಾಲ್ಕು ಸಾಕು. ಚೆಂಡೆ ಬಾರಿಸುವವರ ಕೈ ನೋಡಿ. ಅಷ್ಟು ಸದ್ದು ಬರುತ್ತದೆ, ಕೋಲು ಮಾತ್ರ ಬೆರಳಲ್ಲಿ ಸಡಿಲವಾಗಿಯೇ ಇರುತ್ತದೆ. ಬಿಗಿ ಕೈಗೆ ಕೋಲು ಬಾಗಿದ್ದೇ ತಿಳಿಯುವುದಿಲ್ಲ.

ಹಿಡಿತ ಸಡಿಲಿಸಿದ ಮೇಲೂ ಕುಣಿತ ಇದ್ದರೆ ಎಣಿಕೆಗೆ ಬನ್ನಿ. ಒಳ್ಳೆಯ ಆಟಗಾರರ ಸ್ವಿಂಗ್‌ನಲ್ಲಿ ಮೇಲೆ ಹೋಗುವ ಸಮಯ, ಕೆಳಗೆ ಬಂದು ಚೆಂಡು ಮುಟ್ಟುವ ಸಮಯದ ಸುಮಾರು ಮೂರು ಪಟ್ಟು ಇರುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಎಣಿಸಲು ಹೋಗಿ ನಾನು ಸೋತೆ. ಕೊನೆಗೆ ಯಕ್ಷಗಾನದ ಕಿವಿಯೇ ಕೆಲಸಕ್ಕೆ ಬಂತು. 'ತಕಧಿಮಿ ತಾ' ಎನ್ನಿ, ಎಲ್ಲ ಅಕ್ಷರಕ್ಕೂ ಒಂದೇ ಅಳತೆ. 'ತ' ಎನ್ನುವಾಗ ಕೋಲು ಹೊರಡಬೇಕು. 'ಮಿ' ಎನ್ನುವಾಗ ಮೇಲೆ ತಲುಪಿ ತಿರುಗಬೇಕು. ಕೊನೆಯ 'ತಾ' ಎಂದರೆ ಚೆಂಡು. ಮೂರು ಅಕ್ಷರ ಮೇಲಕ್ಕೆ, ಒಂದು ಅಕ್ಷರ ಕೆಳಕ್ಕೆ. ಬಾಯಿಬಿಟ್ಟೇ ಹೇಳಿ. ನೆರೆಯವರು ಎರಡು ದಿನ ನಗುತ್ತಾರೆ, ಅಷ್ಟೇ.

ಸರಿಯಾಯಿತೇ ಎಂದು ನಿಮ್ಮ ಮನಸ್ಸನ್ನು ಕೇಳಬೇಡಿ, ಮೊಬೈಲ್ ಕೇಳಿ. ಮೊಬೈಲನ್ನು ನಿಮ್ಮ ಎದುರು ಸೊಂಟದ ಎತ್ತರಕ್ಕೆ ನಿಲ್ಲಿಸಿ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ವಿಡಿಯೊ ತೆಗೆಯಿರಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತ ಎಣಿಸಿ. ಮೇಲಕ್ಕೆ 24, ಕೆಳಕ್ಕೆ 8 ಬಂದರೆ ಸೊಗಸು. 21ಕ್ಕೆ 7, 27ಕ್ಕೆ 9 ಆದರೂ ಸರಿ. ವೇಗ ಒಬ್ಬೊಬ್ಬರದು ಒಂದೊಂದು, ಪಟ್ಟು ಮಾತ್ರ ಮೂರು. ನನ್ನ ಮೊದಲ ವಿಡಿಯೊದಲ್ಲಿ 17ಕ್ಕೆ 9 ಬಂತು. ಎರಡು ಪಟ್ಟೂ ಇಲ್ಲ! ನನಗೋ, ಎಷ್ಟು ನಿಧಾನಕ್ಕೆ ಬೀಸುತ್ತಿದ್ದೇನೆ ಎಂಬ ಹೆಮ್ಮೆ ಬೇರೆ ಇತ್ತು.

ಲಕ್ಷಣ 2: 'ಸುಂಯ್' ಎನ್ನುವ ಸದ್ದು ಬೆನ್ನ ಹಿಂದೆಯೇ ಮುಗಿದು ಹೋಗುತ್ತದೆ

ಕೋಲಿನ ತುದಿ ಅತಿ ವೇಗದಲ್ಲಿ ಇರುವ ಕಡೆ ಸದ್ದು ಜಾಸ್ತಿ. ಅದು ಚೆಂಡು ಇರಬೇಕಾದ ಜಾಗದಲ್ಲಿ, ಅಥವಾ ಅದಕ್ಕಿಂತ ಸ್ವಲ್ಪ ಮುಂದೆ, ಎಡಗಾಲಿನ ಹತ್ತಿರ ಕೇಳಿಸಬೇಕು. ಬಲ ಸೊಂಟದ ಹತ್ತಿರವೇ ಕೇಳಿಸಿದರೆ ಮಣಿಕಟ್ಟು ಬೇಗ ಬಿಚ್ಚಿಕೊಂಡಿದೆ. ವೇಗವೆಲ್ಲ ಚೆಂಡು ಮುಟ್ಟುವ ಮೊದಲೇ ಖರ್ಚಾಯಿತು. ಇದಕ್ಕೆ ಕಾಸ್ಟಿಂಗ್ ಎನ್ನುತ್ತಾರೆ.

ಸದ್ದು ಎಲ್ಲಿ ಎಂದು ಗೊತ್ತಾಗದಿದ್ದರೆ 7 ಐರನ್ (ಮಧ್ಯಮ ದೂರಕ್ಕೆ ಹೊಡೆಯುವ ಕ್ಲಬ್) ತಲೆಕೆಳಗು ಹಿಡಿಯಿರಿ, ಕ್ಲಬ್ಬಿನ ತಲೆಯ ಬುಡದಲ್ಲಿ ಕೈ, ಗ್ರಿಪ್ ಕೆಳಗೆ. ಕಣ್ಣು ಮುಚ್ಚಿ ನಾಲ್ಕು ಸಲ ಬೀಸಿ. ತೆಳ್ಳಗಿನ ಸದ್ದು ಜಾಗ ಸಮೇತ ಕೇಳಿಸುತ್ತದೆ.

ಕ್ರಿಕೆಟ್ ಆಡಿ ಬಂದವರಿಗೆ ಈ ದೋಷ ಜಾಸ್ತಿ. ನಾನೂ ಅದೇ ಜಾತಿ. ಗದ್ದೆಯಲ್ಲಿ ಟೆನಿಸ್ ಚೆಂಡನ್ನು ಎತ್ತಿ ಹೊಡೆಯಲು ಕೆಳಗಿನ ಕೈ ಎಷ್ಟು ಬೇಕೋ, ಇಲ್ಲಿ ಅದು ಅಷ್ಟೇ ತೊಂದರೆ. ಬಲಗೈಯ ಹೆಬ್ಬೆರಳು, ತೋರುಬೆರಳನ್ನು ಗ್ರಿಪ್‌ನಿಂದ ಸ್ವಲ್ಪ ಎತ್ತಿ ಕೋಲನ್ನು ನಿಧಾನಕ್ಕೆ ಬೀಸಿ ನೋಡಿ. ಸದ್ದು ಮುಂದಕ್ಕೆ ಸರಿದರೆ ತಳ್ಳುತ್ತಿದ್ದದ್ದು ಆ ಎರಡು ಬೆರಳೇ.

ಇಷ್ಟಕ್ಕೂ ಬಗ್ಗದಿದ್ದರೆ ದೋಷ ಕೈಯಲ್ಲಿಲ್ಲ, ಕಾಲು-ಸೊಂಟದ ಸರದಿ ತಪ್ಪಿದೆ. ಇದನ್ನು ನನಗೆ ಕಲಿಸಿದವರು ಗಾಲ್ಫ್ ಆಡುವವರಲ್ಲ. ಗುರುಪುರ ಹೊಳೆಯಲ್ಲಿ ಬೀಸುಬಲೆ ಹಾಕುವ ನಮ್ಮ ನೆರೆಮನೆಯ ಅಣ್ಣ. ಒಂದು ಸಂಜೆ ಅವರು ಬಲೆ ಬೀಸುವುದನ್ನು ದಂಡೆಯಲ್ಲಿ ಕುಳಿತು ನೋಡಿದೆ. ಬಲೆಯ ಅರ್ಧ ಮೊಣಕೈ ಮೇಲೆ, ಅರ್ಧ ಕೈಯಲ್ಲಿ. ಮೊದಲು ಮುಂದಿನ ಪಾದ ಕೆಸರಲ್ಲಿ ಊರಿತು. ಆಮೇಲೆ ಸೊಂಟ ತಿರುಗಿತು. ಹೆಗಲು ಅದರ ಹಿಂದೆ. ಕೈ ಕೊನೆಗೆ. ಸೀಸದ ಗುಂಡುಗಳು ಎಲ್ಲಕ್ಕಿಂತ ಕೊನೆಗೆ ಹೊರಟು, ಬಲೆ ನೀರ ಮೇಲೆ ಚಾಪೆಯಂತೆ ಬಿಚ್ಚಿ ಬಿತ್ತು. "ಕೈಯಲ್ಲಿ ಎಸೆದರೆ ಬಲೆ ಬಾಯಿ ಬಿಡುವುದಿಲ್ಲ" ಎಂದರು. ನನ್ನ ಕೈಗೂ ಕೊಟ್ಟರು. ನಾನು ಬೀಸಿದ ಬಲೆ ಹಿಂಡಿದ ಬಟ್ಟೆಯ ಹಾಗೆ ಹೋಗಿ ಬಿತ್ತು. ಆದರೆ ಮರುದಿನ ಕೋಲಿನ ಸದ್ದು ಒಂದು ಅಡಿ ಮುಂದೆ ಬಂದಿತ್ತು.

ಅಂಗಳದಲ್ಲಿ ಮಾಡಲು ಸುಲಭದ ದಾರಿ ಇದು. ಎರಡು ಪಾದ ಸೇರಿಸಿ ನಿಂತು ಕೋಲನ್ನು ಹಿಂದಕ್ಕೆ ಒಯ್ಯಿರಿ. ಕೋಲು ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಎಡಪಾದವನ್ನು ಒಂದಡಿ ಎಡಕ್ಕೆ ಇಟ್ಟು ಊರಿ. ಆಮೇಲೆ ಬೀಸು. ಪಾದ ಊರುವ ಮೊದಲು ಕೈ ಹೊರಟರೆ ಶಾಫ್ಟ್ ಕೂಡಲೇ ಜಗ್ಗಿ ಹೇಳುತ್ತದೆ.

ಕೋಲನ್ನು ಒಂದೇ ಕೈಯಲ್ಲಿ ಬೀಸುವ ಅಭ್ಯಾಸವನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. 800 ಗ್ರಾಂ ಭಾರವನ್ನು ಒಂದು ಮೊಣಕೈ ಹೊರುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕೈಯ ಅಭ್ಯಾಸ ಬೇಕಿದ್ದರೆ ತಲೆಕೆಳಗು ಹಿಡಿದ ಐರನ್ ಸಾಕು.

ಲಕ್ಷಣ 3: ಕೋಲಿನ ಚೆಂಡು ನೆಲಕ್ಕೆ ಕುಟ್ಟುತ್ತದೆ

ಮೊದಲು ನಿಂತ ದೂರ ನೋಡಿ. 47 ಇಂಚಿನ ಕೋಲು ನಿಮ್ಮ 7 ಐರನ್‌ಗಿಂತ ಸುಮಾರು 10 ಇಂಚು ಉದ್ದ. ಐರನ್‌ಗೆ ನಿಲ್ಲುವ ಹಾಗೆ ನಿಂತು ಬೀಸಿದರೆ ನೆಲ ತಾಗಲೇಬೇಕು. ಹಾಗಾದರೆ ಅದು ಸ್ವಿಂಗ್‌ನ ದೋಷವೇ ಅಲ್ಲ. ಡ್ರೈವರ್‌ಗೆ ನಿಂತ ಹಾಗೆ ಸ್ವಲ್ಪ ನೆಟ್ಟಗೆ ನಿಂತು ನೋಡಿ. ಕುಳ್ಳಗಿರುವವರು ಗ್ರಿಪ್‌ನಲ್ಲಿ ಎರಡು ಇಂಚು ಕೆಳಗೆ ಹಿಡಿಯಲಿ. ಗಿಡ್ಡದ ಕೋಲೂ ಸಿಗುತ್ತದೆ.

ಆಮೇಲೂ ಕುಟ್ಟಿದರೆ ಎಲ್ಲಿ ಕುಟ್ಟಿತು ಎಂದು ನೋಡಿ. ಬಲಪಾದದ ಎದುರು ಆದರೆ ಭಾರ ಇನ್ನೂ ಬಲಗಾಲ ಮೇಲೆಯೇ ಇದೆ, ಇಲ್ಲವೇ ಎರಡನೇ ಲಕ್ಷಣದ ಹಾಗೆ ಮಣಿಕಟ್ಟು ಬೇಗ ಬಿಚ್ಚಿದೆ. ಎರಡೂ ಪಾದದ ನಟ್ಟನಡುವೆ ಆದರೆ ಮಂಡಿ ಕುಸಿದು ತಲೆ ಕೆಳಗೆ ಬಂದಿರಬಹುದು. ಬೆನ್ನ ಹಿಂದೆ ಗೋಡೆಗೆ ಪೃಷ್ಠ ತಾಗಿಸಿ ನಿಂತು, ಕೋಲಿಲ್ಲದೆ, ಕೈ ಕಟ್ಟಿಕೊಂಡು ತಿರುಗಿ ನೋಡಿ. ಬಲ ಪೃಷ್ಠದಿಂದ ಎಡ ಪೃಷ್ಠಕ್ಕೆ ಗೋಡೆಯ ಸಂಪರ್ಕ ಬದಲಾಗಬೇಕು. ಗೋಡೆ ಪೂರ್ತಿ ಬಿಟ್ಟುಹೋದರೆ ಸೊಂಟ ಚೆಂಡಿನ ಕಡೆ ನುಗ್ಗುತ್ತಿದೆ.

ಕ್ಲಬ್‌ನಲ್ಲೂ ಇದೇ ಆಗುತ್ತಿದೆಯೇ ಎಂದು ನೋಡಲು ನಮ್ಮೂರಿನವರಿಗೆ ಒಂದು ಅನುಕೂಲ ಇದೆ, ಸಮುದ್ರ. ಬೆಳಿಗ್ಗೆ ಆರಕ್ಕೆ ತಣ್ಣೀರುಬಾವಿಯಲ್ಲೋ, ಉಡುಪಿ ಕಡೆಯವರಾದರೆ ಮಲ್ಪೆಯಲ್ಲೋ, ಜನ ಇಲ್ಲದ ಕಡೆ, ಅಲೆ ಬಂದು ಹೋದ ಗಟ್ಟಿ ಮರಳಿನ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದದ ನಡುವೆ ಬರಲಿ. ಚೆಂಡು ಬೇಡ. ಹಳೆಯ ವೆಡ್ಜ್ (ಹತ್ತಿರದ ಹೊಡೆತಕ್ಕೆ ಬಳಸುವ ಗಿಡ್ಡ ಕ್ಲಬ್) ಹಿಡಿದು ಅರ್ಧ ಸ್ವಿಂಗ್. ಮರಳು ಏಳುವುದು ಗೆರೆಯಲ್ಲೋ ಗೆರೆಯ ಎಡಕ್ಕೋ ಶುರುವಾಗಬೇಕು. ನಾಲ್ಕು ಬೆರಳು ಬಲಕ್ಕೆ ಶುರುವಾದರೆ ಮೈದಾನದಲ್ಲಿ ನೀವು ಚೆಂಡಿನ ಹಿಂದಿನ ಮಣ್ಣು ಅಗೆಯುತ್ತೀರಿ. ಹತ್ತು ಗೆರೆ ಎಳೆದು ಹತ್ತನ್ನೂ ಮೊಬೈಲ್‌ನಲ್ಲಿ ಹಿಡಿದರೆ ಕೋಚ್‌ಗೆ ತೋರಿಸಲೂ ಆಯಿತು. ಮನೆಗೆ ಬಂದು ವೆಡ್ಜ್ ಅನ್ನು ಸಿಹಿ ನೀರಲ್ಲಿ ತೊಳೆದು ಒರೆಸಿ. ಉಪ್ಪುನೀರು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ.

ಕೋಲಿನ ಚೆಂಡನ್ನು ಮರಳಿಗಾಗಲಿ ಹುಲ್ಲಿಗಾಗಲಿ ಬೇಕೆಂದೇ ಬಡಿಯಬೇಡಿ. ಅದು ಹೊಡೆಯಲು ಮಾಡಿದ್ದಲ್ಲ.

ಲಕ್ಷಣ 4: ಕೋಲಿನಲ್ಲಿ ಎಲ್ಲ ಸರಿ, ಕ್ಲಬ್ ಹಿಡಿದರೆ ಅದೇ ಸ್ಲೈಸ್

ಕೋಲುಗಳು ಮೂಲೆ ಸೇರುವುದು ಇದೇ ಕಾರಣಕ್ಕೆ. ಲಯ ಬಂತು, ಸದ್ದು ಸರಿಯಾದ ಜಾಗದಲ್ಲಿ ಬಂತು. ಮೈದಾನಕ್ಕೆ ಹೋಗಿ ಡ್ರೈವರ್ ಬೀಸಿದರೆ ಚೆಂಡು ಬಾಳೆಕಾಯಿಯ ಹಾಗೆ ಬಾಗಿ ಬಲಕ್ಕೆ, ಪೊದೆಗೆ.

ಕೋಲಿನ ತುದಿಯನ್ನು ಕಣ್ಣೆದುರು ಹಿಡಿದು ನೋಡಿ. ಉರುಟು ಚೆಂಡು. ಅದಕ್ಕೆ ಮುಖ, ಅಂದರೆ ಚೆಂಡಿಗೆ ತಾಗುವ ಬದಿ, ಇಲ್ಲ. ಅದರ ಭಾರ ಶಾಫ್ಟ್‌ನ ನೇರಕ್ಕೇ ಇದೆ. ಕೈಯನ್ನು ಹೇಗೆ ಹೊರಳಿಸಿ ಹಿಡಿದರೂ ಕೋಲಿಗೆ ಎಲ್ಲ ಒಂದೇ. ಈಗ ಡ್ರೈವರ್ ನೋಡಿ. ತಲೆ ಶಾಫ್ಟ್‌ನ ಒಂದು ಪಕ್ಕಕ್ಕೆ ಚಾಚಿಕೊಂಡಿದೆ, ಅದಕ್ಕೊಂದು ಮುಖ ಇದೆ. ಬೀಸುವಾಗ ಆ ಮುಖ ತೆರೆದುಕೊಳ್ಳುತ್ತದೆ, ಅಂದರೆ ಬಲಕ್ಕೆ ಹೊರಳುತ್ತದೆ. ಚೆಂಡು ಮುಟ್ಟುವ ಹೊತ್ತಿಗೆ ಮತ್ತೆ ಮುಚ್ಚಿಕೊಳ್ಳಬೇಕು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಹೇಳುವುದು ಈ ಮುಖವೇ. ಸ್ವಿಂಗ್ ಹೋಗುವ ದಾರಿಗಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ, ಸ್ಲೈಸ್. ಕೋಲು ನಿಮ್ಮ ಲಯ ಹೇಳುತ್ತದೆ, ದಾರಿಯನ್ನೂ ಅಷ್ಟಿಷ್ಟು ಹೇಳುತ್ತದೆ. ಮುಖದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ನಾನು ಆರು ವಾರ ಥರ್ಮಾಮೀಟರ್ ಹಿಡಿದು ಬಿಪಿ ನೋಡುತ್ತಿದ್ದೆ.

ಹಾಗಾಗಿ ಇಲ್ಲಿಂದ ಕೋಲು ಬದಿಗಿಟ್ಟು ಕ್ಲಬ್ ಹಿಡಿಯಿರಿ.

ಎಡಗೈ ಗ್ರಿಪ್ ಮೊದಲು. ಕ್ಲಬ್ ನೆಲಕ್ಕಿಟ್ಟು ನಿಂತು ನಿಮ್ಮ ಎಡಗೈಯನ್ನು ಮೇಲಿನಿಂದ ನೋಡಿ. ಎಷ್ಟು ಬೆರಳ ಗೆಣ್ಣು ಕಾಣುತ್ತದೆ? ಎರಡರಿಂದ ಮೂರು ಕಾಣಬೇಕು. ಒಂದೇ ಕಂಡರೆ ಕೈ ಎಡಕ್ಕೆ ಜಾಸ್ತಿ ಹೊರಳಿದೆ, ಮುಖ ಮುಚ್ಚುವುದೇ ಇಲ್ಲ. ಕೈಯನ್ನು ಸ್ವಲ್ಪ ಬಲಕ್ಕೆ ಹೊರಳಿಸಿ ಹಿಡಿಯಿರಿ. ಮೊದಲ ದಿನ ಎಡವಟ್ಟು ಅನಿಸುತ್ತದೆ, ಬೇರೆಯವರ ಚಪ್ಪಲಿ ಹಾಕಿದ ಹಾಗೆ. ಎರಡು ವಾರ ಬಿಡಬೇಡಿ. ನನ್ನ ಸ್ಲೈಸ್ ಅರ್ಧ ಹೋದದ್ದು ಇಲ್ಲಿಯೇ, ಒಂದು ಪೈಸೆ ಖರ್ಚಿಲ್ಲದೆ.

ಗ್ರಿಪ್ ಸರಿ ಇದ್ದರೂ ಸ್ಲೈಸ್ ಹೋಗದಿದ್ದರೆ ಹೆಗಲ ದಿಕ್ಕು ನೋಡಿ. ಡ್ರೈವರ್‌ಗೆ ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ಇಡುತ್ತೇವೆ. ಅದನ್ನು ಮುಟ್ಟಲು ಹೋಗಿ ಹೆಗಲು ಗೊತ್ತಿಲ್ಲದೆ ಎಡಕ್ಕೆ ತಿರುಗಿರುತ್ತದೆ. ಪಾದ ಗುರಿಯ ನೇರಕ್ಕೇ ಇರುತ್ತದೆ, ಹಾಗಾಗಿ ನಮಗೆ ಅನುಮಾನವೇ ಬರುವುದಿಲ್ಲ. ಕ್ಲಬ್ಬನ್ನು ಎದೆಗೆ ಅಡ್ಡ ಹಿಡಿದು ಜೊತೆಯವರನ್ನು ಕೇಳಿ, ಎತ್ತ ನೋಡುತ್ತದೆ ಎಂದು.

ಮೂರನೆಯದು, ಚೆಂಡು ಮುಖದ ಯಾವ ಭಾಗಕ್ಕೆ ತಾಗುತ್ತಿದೆ ಎನ್ನುವುದು. ಡ್ರೈವರ್‌ನ ಮುಖಕ್ಕೆ ಮುಖದ ಪೌಡರ್ ತೆಳ್ಳಗೆ ಸವರಿ ಐದು ಚೆಂಡು ಹೊಡೆಯಿರಿ. ಪ್ರತಿ ಸಲವೂ ಗುರುತು ನೋಡಿ ಮತ್ತೆ ಸವರಿ. ಗುರುತು ಶಾಫ್ಟ್ ಕಡೆಯ ಬುಡದಲ್ಲಿ ಬಂದರೆ, ಆ ತಾಗುವಿಕೆಯೇ ಚೆಂಡಿಗೆ ಬಲಕ್ಕೆ ಬಾಗುವ ತಿರುಗು ಕೊಡುತ್ತದೆ. ಆಗ ಗ್ರಿಪ್ ಬದಲಿಸಿ ಪ್ರಯೋಜನ ಇಲ್ಲ. ಅರ್ಧ ಇಂಚು ಹಿಂದೆ ಸರಿದು ನಿಂತು, ಬೀಸುವಾಗ ಪಾದದ ತುದಿಗೆ ಭಾರ ನುಗ್ಗುತ್ತಿದೆಯೇ ನೋಡಬೇಕು.

ಕಡೆಗೆ ಮುಖವನ್ನೇ ನೋಡುವ ಪರೀಕ್ಷೆ. 7 ಐರನ್ ಹಿಡಿದು ಹಿಂದಕ್ಕೆ ಒಯ್ಯಿರಿ. ಶಾಫ್ಟ್ ನೆಲಕ್ಕೆ ಸಮಾನಾಂತರವಾದಾಗ ನಿಲ್ಲಿಸಿ. ತಲೆಯ ಮುಂದಿನ ಅಂಚು ನಿಮ್ಮ ಬೆನ್ನಿನ ಓರೆಗೆ ಹೊಂದಿಕೊಂಡು, ಸ್ವಲ್ಪ ಚೆಂಡಿನ ಕಡೆ ವಾಲಿರಬೇಕು. ಮುಖ ಆಕಾಶ ನೋಡುತ್ತಿದ್ದರೆ ಹೊರಟ ಕೂಡಲೇ ಮಣಿಕಟ್ಟು ತೆರೆದುಕೊಂಡಿದೆ. ಇದಿಷ್ಟು ನೋಡಿದ ಮೇಲೂ ಸ್ಲೈಸ್ ಹೋಗದಿದ್ದರೆ ಒಬ್ಬರೇ ತಿಣುಕಾಡಬೇಡಿ.

ಲಕ್ಷಣ 5: ಕೋಲು ಬೀಸಿದ ಕೂಡಲೇ ಚೆನ್ನಾಗಿರುತ್ತದೆ, ಹತ್ತು ಚೆಂಡಿನೊಳಗೆ ಮಾಯ

ಭಾರದ ಕೋಲು ಬೀಸಿ ಕ್ಲಬ್ ಹಿಡಿದರೆ ಹಕ್ಕಿಯ ಗರಿ ಹಿಡಿದ ಹಾಗೆ. ಎರಡು ಬಿಂದಿಗೆ ನೀರು ಹೊತ್ತು ತಂದು ಇಳಿಸಿದಾಗ ಕೈ ತಾನಾಗಿ ಮೇಲೇಳುತ್ತದಲ್ಲ, ಅದೇ. ಆ ಹಗುರ ನಿಜವಾದ ವೇಗ ಅಲ್ಲ, ಕೈಗೆ ಆದ ಮರುಳು. ಅದನ್ನೇ ನಂಬಿ ಜೋರು ಮಾಡಿದರೆ ಲಯ ಮೂರನೇ ಚೆಂಡಿಗೇ ಕೈ ಬಿಡುತ್ತದೆ.

30 ಸಲ ಕೋಲು ಬೀಸಿ ಆಮೇಲೆ 50 ಚೆಂಡು ಹೊಡೆಯುವುದನ್ನು ಬಿಡಿ. ಕೋಲು ಮೂರು ಸಲ, ಚೆಂಡು ಒಂದು. ಮತ್ತೆ ಕೋಲು ಮೂರು, ಚೆಂಡು ಒಂದು. ಚೆಂಡು ಹೊಡೆಯುವಾಗಲೂ ಬಾಯಲ್ಲಿ 'ತಕಧಿಮಿ ತಾ'. ಬುಟ್ಟಿಯ ಚೆಂಡು ಮುಗಿಯಲು ಹೊತ್ತಾಗುತ್ತದೆ, ಆಗಲಿ. ಅರ್ಧ ಬುಟ್ಟಿ ಸಾಕು. ದಿನಕ್ಕೆ 20 ಸಲ ನಿಧಾನಕ್ಕೆ ಬೀಸುವುದು, ವಾರಕ್ಕೊಮ್ಮೆ 200 ಸಲ ಬೀಸುವುದಕ್ಕಿಂತ ಒಳ್ಳೆಯದು ಎಂಬುದು ನನ್ನ ಅನುಭವ. 200 ಬೀಸಿದ ಮರುದಿನ ಬಾಚಣಿಗೆ ಎತ್ತಲಾಗದೆ ಕುಳಿತಿದ್ದೆ.

ಲಕ್ಷಣ 6: ಮುಗಿಸುವಾಗ ಮುಗ್ಗರಿಸುತ್ತೇನೆ

ಹೆಚ್ಚಿನ ಸಲ ಚಪ್ಪಲಿ ಕಾರಣ. ಮಳೆಗಾಲದ ಪಾಚಿ ಅಂಗಳದಲ್ಲಿ ರಬ್ಬರ್ ಚಪ್ಪಲಿ ಹಾಕಿ 800 ಗ್ರಾಂ ಬೀಸಿದರೆ ಸೊಂಟ ಮುರಿಯುತ್ತದೆ. ಶೂ ಹಾಕಿ, ಒಣ ನೆಲದಲ್ಲಿ ನಿಲ್ಲಿ. ಆಮೇಲೂ ಮುಗ್ಗರಿಸಿದರೆ ಪಾದ ಸೇರಿಸಿ ನಿಂತು ಅರ್ಧ ವೇಗದಲ್ಲಿ ಹಿಂದೆ-ಮುಂದೆ ಹತ್ತು ಸಲ ನಿಲ್ಲಿಸದೆ ಬೀಸಿ. ಬೀಳದೆ ಇರುವ ವೇಗವೇ ಸದ್ಯಕ್ಕೆ ನಿಮ್ಮ ವೇಗ. ತಲೆ ಸುತ್ತಿ ಮುಗ್ಗರಿಸುವುದಾದರೆ ಅದು ಬೇರೆಯೇ ವಿಷಯ. ನಮ್ಮ ಏಪ್ರಿಲ್‌ನ ಸೆಕೆಯಲ್ಲಿ ಬೆವರು ಒಣಗುವುದೇ ಇಲ್ಲ. ನೆರಳಿಗೆ ಬನ್ನಿ, ನೀರು ಕುಡಿಯಿರಿ, ಆ ದಿನಕ್ಕೆ ಸಾಕು ಮಾಡಿ.

ಲಕ್ಷಣ 7: ನೋಯುತ್ತದೆ

ಬೆನ್ನು, ಹೆಗಲ ಸ್ನಾಯು ಮರುದಿನ ಹಿಡಿದುಕೊಂಡು ಎರಡು ದಿನದಲ್ಲಿ ಹೋದರೆ ಅದು ಹೊಸ ಕೆಲಸದ ಮೈಕೈ ನೋವು. ಉಳಿದದ್ದನ್ನು ಹಾಗೆ ತಳ್ಳಿಹಾಕಬೇಡಿ.

ಮೊಣಕೈಯ ಒಳಬದಿ ಅಥವಾ ಹೊರಬದಿಯ ಎಲುಬಿನ ಮೇಲೆ ಒತ್ತಿದರೆ ನೋವು, ಚಹಾದ ಲೋಟ ಎತ್ತುವಾಗಲೂ ನೋವು ಎಂದರೆ ಸ್ನಾಯುವಿನ ಬುಡಕ್ಕೆ ಪೆಟ್ಟು. ಕೋಲು ಎರಡು ವಾರ ಮುಟ್ಟಬೇಡಿ. ಬಿಗಿ ಹಿಡಿತ, ನೆಲಕ್ಕೆ ಕುಟ್ಟುವುದು ಇವೇ ಸಾಮಾನ್ಯ ಕಾರಣ. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸಿ.

ಎಡ ಅಂಗೈಯಲ್ಲಿ, ಕಿರುಬೆರಳ ಬುಡದಿಂದ ಮಣಿಕಟ್ಟಿನ ಕಡೆಗೆ ಇಳಿದರೆ ಒಂದು ಸಣ್ಣ ಎಲುಬಿನ ಕೊಕ್ಕೆ ಇದೆ. ಗ್ರಿಪ್‌ನ ತುದಿ ಒತ್ತುವುದು ಅಲ್ಲಿಯೇ. ನೆಲಕ್ಕೆ ಜೋರಾಗಿ ಬಡಿದಾಗ ಅದು ಬಿರುಕು ಬಿಡಬಹುದು. ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದೂ ಉಂಟು, ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಹಾಗಾಗಿ ಡಾಕ್ಟರ ಹತ್ತಿರ 'ಕೈ ನೋವು' ಎಂದಷ್ಟೇ ಹೇಳದೆ ಗಾಲ್ಫ್ ಆಡುವಾಗ ನೆಲಕ್ಕೆ ಬಡಿದದ್ದನ್ನೂ ಹೇಳಿ. ಕಿರುಬೆರಳು ಜೋಮು ಹಿಡಿದಿದ್ದರೆ ಅದನ್ನೂ ಹೇಳಿ.

ಪಕ್ಕೆಲುಬಿನ ಒಂದೇ ಜಾಗದಲ್ಲಿ ಉಸಿರೆಳೆದಾಗ ಚುಚ್ಚಿದರೆ ಬೀಸುವುದು ನಿಲ್ಲಿಸಿ ತೋರಿಸಿಕೊಳ್ಳಿ. ಒಂದೇ ಸಮನೆ ಬೀಸಿ ಬೀಸಿ ಅಲ್ಲೂ ಬಿರುಕು ಬರುತ್ತದೆ.

ಕಾಯಲೇಬಾರದ ಎರಡು ಇವೆ. ಸೊಂಟದ ನೋವು ಕಾಲಿಗೆ ಇಳಿದು, ಕಾಲು ಜೋಮು ಹಿಡಿದು, ಮೂತ್ರ ಹೋಗಲು ತೊಂದರೆ ಆದರೆ ಆ ದಿನವೇ ಆಸ್ಪತ್ರೆ. ಎದೆ ಬಿಗಿದು ಎಡಗೈ, ದವಡೆ ನೋಯುತ್ತಿದ್ದರೆ 'ಸ್ವಿಂಗ್ ಜಾಸ್ತಿ ಆಯಿತು' ಎಂದುಕೊಂಡು ಎಣ್ಣೆ ತಿಕ್ಕಿ ಮಲಗಬೇಡಿ. 108ಕ್ಕೆ ಫೋನ್ ಮಾಡಿ.

ಹೆಗಲು, ಸೊಂಟದ ಆಪರೇಷನ್ ಆದವರು, ಕುತ್ತಿಗೆಯ ಡಿಸ್ಕ್ ತೊಂದರೆ ಇರುವವರು ಕೋಲು ಕೊಳ್ಳುವ ಮೊದಲೇ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಲಕ್ಷಣ 8: ಎಲ್ಲ ಮಾಡಿದೆ, ಏನೂ ಬದಲಾಗಲಿಲ್ಲ

ನಾನು ಇಟ್ಟುಕೊಂಡ ಗಡುವು ಮೂರು ವಾರ. ಒಂದು ಲಕ್ಷಣ ಹಿಡಿದು ಮೂರು ವಾರ ಕೆಲಸ ಮಾಡಿದರೂ ವಿಡಿಯೊದಲ್ಲಿ ವ್ಯತ್ಯಾಸ ಕಾಣದಿದ್ದರೆ ಕೋಚ್. ಬರಿಗೈಯಲ್ಲಿ ಹೋಗಬೇಡಿ. ಎದುರಿನಿಂದ ಒಂದು, ಹಿಂದಿನಿಂದ ಗುರಿಯ ನೇರಕ್ಕೆ ಒಂದು, ಹೀಗೆ ಎರಡು ವಿಡಿಯೊ ಒಯ್ಯಿರಿ. ಕೋಲಿನದ್ದೂ ಇರಲಿ, ಕ್ಲಬ್‌ನದ್ದೂ ಇರಲಿ. "ಕೋಲಿನಲ್ಲಿ 24ಕ್ಕೆ 8 ಬರುತ್ತದೆ, ಡ್ರೈವರ್‌ನಲ್ಲಿ 18ಕ್ಕೆ 8" ಎಂದರೆ ಅವರಿಗೆ ಅರ್ಧ ಗಂಟೆ ಉಳಿಯಿತು, ನಿಮಗೆ ಅಷ್ಟು ಹೊತ್ತಿನ ಫೀಸ್ ಉಳಿಯಿತು. ನಿಮ್ಮಷ್ಟಕ್ಕೆ ಎರಡು ದೋಷವನ್ನು ಒಟ್ಟಿಗೆ ತಿದ್ದಲು ಹೋಗಬೇಡಿ. ಗ್ರಿಪ್ ಬದಲಿಸಿದ ವಾರವೇ ನಿಲುವನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ದೇವರಿಗೂ ತಿಳಿಯುವುದಿಲ್ಲ.

ಲಕ್ಷಣ 9: ಪಂದ್ಯದ ನಡುವೆ ಕೋಲು ಬೀಸಿದೆ, ಎರಡು ಸ್ಟ್ರೋಕ್ ಹೋಯಿತು

ಇದು ಕೋಲಿನ ದೋಷ ಅಲ್ಲ, ನಿಯಮ ಓದದ ದೋಷ. ರೌಂಡ್ ಶುರುವಾದ ಮೇಲೆ ಇಂಥ ಸಾಧನದಿಂದ ಅಭ್ಯಾಸದ ಸ್ವಿಂಗ್ ಮಾಡುವಂತಿಲ್ಲ, ಗಾಲ್ಫ್ ನಿಯಮ 4.3. ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತ ಎಣಿಸುವ ಆಟದಲ್ಲಿ) ಮೊದಲ ಸಲ ಎರಡು ಸ್ಟ್ರೋಕ್, ಅಂದರೆ ಎರಡು ಹೊಡೆತದ, ದಂಡ, ಎರಡನೇ ಸಲ ಆಟದಿಂದಲೇ ಹೊರಗೆ. ಚೀಲದಲ್ಲಿ ಸುಮ್ನೆ ಇದ್ದರೆ ತಪ್ಪಿಲ್ಲ. ಮೊದಲ ಟೀಗೆ (ಆಟ ಶುರುಮಾಡುವ ಜಾಗಕ್ಕೆ) ಹೋಗುವ ಮುಂಚೆ ಎಷ್ಟು ಬೇಕೋ ಬೀಸಿ, ಆಮೇಲೆ ಕಾರಿನಲ್ಲಿ ಇಟ್ಟು ಬನ್ನಿ. ಚೀಲದಲ್ಲಿದ್ದರೆ ಕೈ ಸುಮ್ಮನಿರುವುದಿಲ್ಲ.

ಲಕ್ಷಣ 10: ಮಳೆಗಾಲ ಕಳೆದು ತೆಗೆದರೆ ಗ್ರಿಪ್ ಅಂಟಂಟು, ಜಾರುತ್ತದೆ

ಬೆವರಿನ ಉಪ್ಪು, ಮೇಲೆ ನಮ್ಮ ಕರಾವಳಿಯ ತೇವ. ಉಗುರುಬೆಚ್ಚಗಿನ ನೀರಿಗೆ ಎರಡು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ಉಜ್ಜಿ, ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ. ಬಿಸಿಲಿಗೆ ಬೇಡ. ತಿಂಗಳುಗಟ್ಟಲೆ ಕಾರಿನ ಡಿಕ್ಕಿಯಲ್ಲೂ ಬೇಡ, ಆ ಕಾವಿಗೆ ರಬ್ಬರೂ ಹಾಳು, ಒಳಗಿನ ಅಂಟೂ ಸಡಿಲ. ತೊಳೆದ ಮೇಲೂ ನುಣ್ಣಗೆ ಹೊಳೆಯುತ್ತಿದ್ದರೆ ಗ್ರಿಪ್ ಸವೆದಿದೆ, ಹೊಸದು ಹಾಕಿಸಿ. ಜಾರುವ ಗ್ರಿಪ್‌ನಲ್ಲಿ ಎಷ್ಟೇ ಎಚ್ಚರ ಇದ್ದರೂ ಕೈ ಬಿಗಿಯುತ್ತದೆ, ಅಲ್ಲಿಗೆ ಮತ್ತೆ ಮೊದಲನೇ ಲಕ್ಷಣ.

ಬನಿಯನ್ ಪರೀಕ್ಷೆಯನ್ನೂ ಆಗಲೇ ಮತ್ತೊಮ್ಮೆ ಮಾಡಿ. ಬಿರುಕು ಸಿಕ್ಕಿ ಬಿಸಾಡುವುದಾದರೆ ಇಡೀ ಕೋಲನ್ನು ಕಸಕ್ಕೆ ಹಾಕಬೇಡಿ. ಗರಗಸದಲ್ಲಿ ಎರಡು ತುಂಡು ಮಾಡಿ, ತುದಿಗೆ ಟೇಪ್ ಸುತ್ತಿ ಹಾಕಿ. ಕೊಯ್ಯುವಾಗ ಮೂಗು ಮುಚ್ಚಿಕೊಳ್ಳಿ, ಆ ಪುಡಿ ಒಳಗೆ ಹೋಗಬಾರದು. ನಮ್ಮ ಗುಂಪಿನವರೊಬ್ಬರು ತುಂಡು ಮಾಡದೆ ಹಾಗೆಯೇ ಗೇಟಿನ ಹೊರಗೆ ಇಟ್ಟಿದ್ದರು. ಸಂಜೆ ನೋಡಿದರೆ ಕೇರಿಯ ಮಕ್ಕಳು ಅದರಲ್ಲಿ ಮಾವಿನಕಾಯಿ ಉದುರಿಸುತ್ತಿದ್ದರು.